ಎಡದಿಂದ ಬಲಕ್ಕೆ ದೊಡ್ಡಪ್ಪ

ಬೆಳಿಗ್ಗೆ ಆರಕ್ಕೆ ಪೇಪರ್ ಹುಡುಗ ಗೇಟಿನಾಚೆಯಿಂದ ಪತ್ರಿಕೆ ಎಸೆದರೆ ಅದು ನೆಲ ಮುಟ್ಟುವ ಮೊದಲೇ ದೊಡ್ಡಪ್ಪನ ಕೈಯಲ್ಲಿರುತ್ತದೆ. ಮೊದಲ ಪುಟದಲ್ಲಿ ಸರ್ಕಾರ ಬಿದ್ದಿರಲಿ, ಕನ್ನಂಬಾಡಿ ತುಂಬಿರಲಿ, ಅವರಿಗೆ ಬೇಕಾಗಿಲ್ಲ. ನೇರ ಪದಬಂಧದ ಪುಟ. ಅದನ್ನು ನಾಲ್ಕಾಗಿ ಮಡಿಚಿ, ಮಗಳ ಹಳೆಯ ಪರೀಕ್ಷೆ ಪ್ಯಾಡಿಗೆ ಸಿಕ್ಕಿಸಿ, ಬೆತ್ತದ ಕುರ್ಚಿಯಲ್ಲಿ ಕೂತರೆಂದರೆ ಉಳಿದವರಿಗೆ ಅಂದು ಪತ್ರಿಕೆ ಇಲ್ಲ. ರಾಶಿಭವಿಷ್ಯ ಪದಬಂಧದ ಬೆನ್ನಿಗೇ ಅಚ್ಚಾಗುವುದರಿಂದ ದೊಡ್ಡಮ್ಮನಿಗೆ ತಮ್ಮ ಆ ದಿನದ ಭವಿಷ್ಯ ಗೊತ್ತಾಗುವುದು ಮಧ್ಯಾಹ್ನ ಊಟವಾದ ಮೇಲೆ. ಅಷ್ಟು ಹೊತ್ತಿಗೆ ಅದರಲ್ಲಿ ಅರ್ಧ ಭೂತಕಾಲವಾಗಿರುತ್ತದೆ.

ಇಂಥ ದೊಡ್ಡಪ್ಪಂದಿರು ಮೈಸೂರಿನ ಸರಸ್ವತಿಪುರಂನಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಬ್ಯಾಂಕೋ ಹೈಸ್ಕೂಲೋ ಬಿಟ್ಟು ಮನೆಗೆ ಬಂದವರು. ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಪೆನ್. ಅನುಮಾನಕ್ಕೆ ಪೆನ್ಸಿಲ್, ಖಾತ್ರಿಗೆ ಪೆನ್. ಆರೂವರೆಗೆ ಫೋನು ಬಂದರೆ ಯಾರಿಗೋ ಏನೋ ಆಯಿತೆಂದು ನಾವು ಗಾಬರಿಬೀಳಬೇಕಿಲ್ಲ. ಆಚೆ ಬೀದಿಯ ನಿವೃತ್ತ ಮೇಷ್ಟ್ರು, "ಮೇಲಿನಿಂದ ಕೆಳಕ್ಕೆ ಹನ್ನೆರಡು ಬಂತಾ?" ಎಂದು ಕೇಳುತ್ತಿರುತ್ತಾರೆ. ದೊಡ್ಡಪ್ಪ "ಬಂತು" ಎನ್ನುತ್ತಾರೆ. ಬಂದಿರುವುದಿಲ್ಲ.

ಚೌಕಾಬಾರ ಆಡಿ ಬೆಳೆದ ದೊಡ್ಡಪ್ಪನಿಗೆ ಪದಬಂಧದ ಚೌಕವೂ "ಮನೆ"ಯೇ. ಬ್ಯಾಂಕಿನ ಸಾಲ ಮಾಡಿ ಕಟ್ಟಿಸಿದ್ದು ಒಂದು ಮನೆ. ಪೆನ್ಸಿಲಿನಿಂದ ತುಂಬಿಸಿದ್ದಕ್ಕೆ ಲೆಕ್ಕವಿಲ್ಲ. ಒಮ್ಮೆ ನೆಂಟರ ಮನೆಯ ಹದಿಮೂರನೇ ದಿನ ಎಲೆಯ ಮುಂದೆ ಕೂತು ಕಣ್ಣು ಮುಚ್ಚಿ ಬೆರಳು ಎಣಿಸುತ್ತಿದ್ದರು. ಜಪವೆಂದು ಪಕ್ಕದವರು ಕೈಮುಗಿದರು. ಕಣ್ಣು ಬಿಟ್ಟ ದೊಡ್ಡಪ್ಪ ನನ್ನ ಕಿವಿಯಲ್ಲಿ ಉಸುರಿದರು: "ವೈಕುಂಠ ಸಮಾರಾಧನೆ. ಎಂಟು ಮನೆ ಕಣೋ."

ಕನ್ನಡಾಭಿಮಾನವೂ ಅವರಿಗೆ ಈ ದಾರಿಯಲ್ಲೇ ಬಂದದ್ದು. "ಇಂಗ್ಲಿಷಿನವರ ಇಂಡಿಪೆಂಡೆನ್ಸ್‌ಗೆ ಹನ್ನೆರಡು ಮನೆ ಬೇಕು. ನಮ್ಮ ಸ್ವಾತಂತ್ರ್ಯ ನೋಡು, ಒತ್ತಕ್ಷರಗಳನ್ನೆಲ್ಲ ಕಟ್ಟಿಕೊಂಡು ಮೂರೇ ಮನೆಯಲ್ಲಿ ಸಂಸಾರ ಮಾಡುತ್ತೆ!" ಆದರೆ ಕಷ್ಟವೂ ನಮ್ಮದೇ ಹೆಚ್ಚಂತೆ. ಇಂಗ್ಲಿಷಿನಲ್ಲಿ ಅಡ್ಡಕ್ಕೂ ಉದ್ದಕ್ಕೂ ಒಂದು ಅಕ್ಷರ ಕೂಡಿದರೆ ಮುಗಿಯಿತು. ಇಲ್ಲಿ ಅಕ್ಷರ ಕಾಗುಣಿತ ಸಮೇತ ಕೂಡಬೇಕು. 'ಕ' ಬೇಕಾದಲ್ಲಿ 'ಕಾ' ಬಂದರೆ ಸಂಬಂಧ ಮುರಿದಂತೆಯೇ. ಹಾಗಾಗಿ ಕೊಂಬು ದೀರ್ಘಗಳಿಲ್ಲದ ಸಾಧು ಪದಗಳೆಂದರೆ ಅವರಿಗೆ ಪ್ರಾಣ. "ಹಿಂದಿನಿಂದ ಓದಿದರೂ ಚಿನ್ನವೇ" ಎಂಬ ಸುಳಿವಿಗೆ 'ಕನಕ' ಹೊಳೆದ ದಿನ, ನಿಜವಾದ ಚಿನ್ನ ಸಿಕ್ಕವರಂತೆ ಬೀದಿಯ ತುಂಬಾ ಹೇಳಿಕೊಂಡು ಬಂದಿದ್ದರು.

ಅವರ ದೇವರ ಮನೆಯಲ್ಲಿ ರಾಘವೇಂದ್ರ ಸ್ವಾಮಿಗಳಿದ್ದಾರೆ. ಮನಸ್ಸಿನಲ್ಲಿ, ಕನ್ನಡದಲ್ಲಿ ಸಾವಿರಾರು ಪದಬಂಧ ಹೆಣೆದು ಲಿಮ್ಕಾ ದಾಖಲೆ ಪುಸ್ತಕ ಸೇರಿದ ಅ.ನಾ. ಪ್ರಹ್ಲಾದರಾವ್ ಇದ್ದಾರೆ. ಡಾ. ರಾಜ್‌ಕುಮಾರ್ ಅವರ ಜೀವನಚರಿತ್ರೆ ಬರೆದವರೂ ಅವರೇ ಎಂದು ತಿಳಿದ ಮೇಲೆ, "ಅದಕ್ಕೇ ಮತ್ತೆ, ಪದಬಂಧಕ್ಕೆ ಅಣ್ಣಾವ್ರು ಗೊತ್ತಿರಬೇಕು" ಎಂದು ಬೇಡರ ಕಣ್ಣಪ್ಪ 1954, ಆರು ಮನೆ ಎಂದು ಬಾಯಿಪಾಠ ಮಾಡಿದರು.

ಈ ಬಾಯಿಪಾಠವೇ ಅವರ ವಿಶ್ವವಿದ್ಯಾಲಯ. ಪೆರುವಿನ ರಾಜಧಾನಿ ಲಿಮಾ, ಎರಡು ಮನೆ. ಕಾರಂತರಿಗೆ ಜ್ಞಾನಪೀಠ ತಂದ ಕಾದಂಬರಿ 'ಮೂಕಜ್ಜಿಯ ಕನಸುಗಳು', ಒಂಬತ್ತು ಮನೆ. "ದೊಡ್ಡಪ್ಪ, ಅದರಲ್ಲಿ ಅಜ್ಜಿ ಏನು ಹೇಳ್ತಾಳೆ?" ಎಂದು ನಾನು ಕೇಳಿದೆ. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. "ಅದನ್ನ ಸುಳಿವಿನಲ್ಲಿ ಕೊಟ್ಟಿಲ್ಲ."

ಮರುದಿನ ಸರಿಯುತ್ತರ ಬಂದಾಗ ತಮ್ಮದು ತಪ್ಪಿದ್ದರೆ ಅದು ಅಚ್ಚಿನ ದೋಷ. ಇದಕ್ಕೆ ಅವರ ಬಳಿ ಚರಿತ್ರೆಯ ಬೆಂಬಲವಿದೆ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಮೊದಲ ಪದಬಂಧ ಕೊಟ್ಟಾಗ ಅದರ ಹೆಸರು 'ವರ್ಡ್-ಕ್ರಾಸ್'. ಕೆಲವೇ ವಾರಗಳಲ್ಲಿ ಅಚ್ಚಿನಲ್ಲಿ ಎಡವಟ್ಟಾಗಿ ಅದು 'ಕ್ರಾಸ್-ವರ್ಡ್' ಆಯಿತು, ಹಾಗೇ ಉಳಿಯಿತು. "ಹೆಸರೇ ಅಚ್ಚಿನ ತಪ್ಪು. ಇನ್ನು ಉತ್ತರ ಯಾವ ಲೆಕ್ಕ?" ದೊಡ್ಡಮ್ಮ ಗೊಣಗಿದರೆ ಎರಡನೇ ಮಹಾಯುದ್ಧ ಹೊರಬರುತ್ತದೆ. 1942ರಲ್ಲಿ ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಹನ್ನೆರಡು ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ನಡೆಸಿತು. ಆಮೇಲೆ ಅದರಲ್ಲಿ ಕೆಲವರನ್ನು ಶತ್ರುಗಳ ಗೂಢಲಿಪಿ ಒಡೆಯುವ ಬ್ಲೆಚ್ಲಿ ಪಾರ್ಕಿಗೆ ಕರೆಸಿಕೊಂಡರು. "ಪದಬಂಧದವರನ್ನ ಯುದ್ಧಕ್ಕೇ ಕರೆದಿದ್ರು, ಗೊತ್ತೇನೇ?"

"ಅವರಿಗೆ ಹನ್ನೆರಡು ನಿಮಿಷ ರೀ. ನಿಮಗೆ ಹನ್ನೆರಡು ಗಂಟೆ ಆದ್ರೂ ಸ್ನಾನ ಆಗಿರಲ್ಲ."

ತೀರ್ಥಹಳ್ಳಿ ಕಡೆಯ ದೊಡ್ಡಮ್ಮ ಪದಬಂಧದತ್ತ ತಿರುಗಿಯೂ ನೋಡುವವರಲ್ಲ. ಆದರೆ ಪದಬಂಧ ಅವರಿಲ್ಲದೆ ಮುಗಿಯುವುದೂ ಇಲ್ಲ. ಆನೆಗೆ ದೊಡ್ಡಪ್ಪನ ಹತ್ತಿರ ಎರಡೇ ಮನೆಯ ನಾಲ್ಕು ಹೆಸರುಗಳಿವೆ: ಕರಿ, ಗಜ, ಇಭ, ದಂತಿ. ಮೊಸರು ಕಡೆಯುವ ಸಾಧನ ಬಂದರೆ ಮಾತ್ರ ಪೆನ್ಸಿಲ್ ಕಿವಿ ಏರುತ್ತದೆ. "ಮಂಥನ, ಮಂಥರ..." ಎಂದು ಅವರು ಸಮುದ್ರಕ್ಕೇ ಇಳಿದಿರುವಾಗ ಅಡುಗೆಮನೆಯಿಂದ ಬರುತ್ತದೆ: "ಕಡೆಗೋಲು." ಕಣದ ನಡುವಿನ ಕಂಬ? "ಮೇಟಿ." ಮಳೆಗೆ ತಲೆಯ ಮೇಲಿಂದ ಹೊದೆಯುವ ಎಲೆಯ ಹೊದಿಕೆ, ಮೂರು ಮನೆ? ದೊಡ್ಡಪ್ಪ 'ಕೊಡೆ'ಯನ್ನು ಎಳೆದೆಳೆದು ಮೂರಕ್ಕೆ ಹಿಗ್ಗಿಸುತ್ತಿದ್ದರು. ಒಳಗಿನಿಂದ ಒಗ್ಗರಣೆಯ ಚಟಪಟದ ನಡುವೆ "ಗೊರಬು" ಎಂದು ಕೇಳಿಸಿತು. ನಮ್ಮಜ್ಜಿ ಗೊರಬು ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದದ್ದು, ಅದರ ಮೇಲೆ ಮಳೆ ಬೀಳುವ ಸದ್ದು, ಎಲ್ಲ ಹೇಳಲು ದೊಡ್ಡಮ್ಮ ಸೌಟು ಹಿಡಿದೇ ಹೊರಗೆ ಬಂದರು. ದೊಡ್ಡಪ್ಪ ಅಷ್ಟರಲ್ಲಿ ಮುಂದಿನ ಸುಳಿವಿಗೆ ಹೋಗಿದ್ದರು. ಗಂಟೆ ಕಳೆದು ಮೇಷ್ಟ್ರಿಗೆ ಫೋನು: "ಗೊರಬು ಸ್ವಾಮಿ, ಗೊರಬು! ಎಲ್ಲರಿಗೂ ಬರೋದಲ್ಲ."

ಹೂವಿನ ಅಳತೆ, ಎರಡು ಮನೆ ಎಂದಿತ್ತು ಇನ್ನೊಂದು ದಿನ. ಪೆನ್ನಿನಲ್ಲಿ 'ಮಾರು' ಬರೆದಾಗಿತ್ತು, ಅಡ್ಡಸಾಲು ಕೂಡುತ್ತಿರಲಿಲ್ಲ. ಗೇಟಿನಲ್ಲಿ ನಿಂತ ಹೂವಿನಮ್ಮನನ್ನೇ ಕೇಳಿದರು. ಆಕೆ ಬುಟ್ಟಿ ಇಳಿಸಿ, ಮೊಣಕೈಗೆ ಮಲ್ಲಿಗೆ ಅಳೆಯುತ್ತಾ, "ಕೊಳ್ಳೋದು ಒಂದು ಮೊಳ, ಬರೆಯೋದು ಮಾರಾ ಸ್ವಾಮಿ?" ಎಂದಳು. ಮೊಳವೇ ಸರಿಹೋಯಿತು.

ಹೋದ ತಿಂಗಳು ದೊಡ್ಡಮ್ಮ ಬೆಂಗಳೂರಿಗೆ ಮಗಳ ಮನೆಗೆ ಹೋದರು. ಮೂರನೆಯ ದಿನ ಬೆಳಿಗ್ಗೆ ದೊಡ್ಡಪ್ಪನ ಫೋನು: "ಸಕ್ಕರೆ ಎಲ್ಲೇ?"

"ಗೂಡಿನ ಮೇಲಿನ ಸಾಲು. ಎಡದಿಂದ ಬಲಕ್ಕೆ ಮೂರನೇ ಡಬ್ಬಿ."

ಐದು ನಿಮಿಷಕ್ಕೆ ಮತ್ತೆ ಫೋನು. "ಕಾಫಿ ಉಪ್ಪಾಗಿದೆ. ನಿನ್ನ ಸುಳಿವೇ ತಪ್ಪು."

"ಬಲದಿಂದ ಎಣಿಸಿರ್ತೀರಿ."

ಸ್ವಲ್ಪ ಹೊತ್ತು ಮಾತಿಲ್ಲ. "ಹೋಗ್ಲಿ, ಯಾವತ್ತು ಬರ್ತೀಯ?"

"ವಾರದ ಹೆಸರು. ಐದು ಮನೆ" ಎಂದು ದೊಡ್ಡಮ್ಮ ಫೋನಿಟ್ಟರು.

ದೊಡ್ಡಪ್ಪನಿಗೆ ಎಲ್ಲಿಲ್ಲದ ಉತ್ಸಾಹ. ಸೋಮವಾರ ನಾಲ್ಕು, ಬುಧವಾರ ನಾಲ್ಕು, ಭಾನುವಾರವೂ ನಾಲ್ಕು. ಐದಿರುವುದು ಮಂಗಳವಾರ ಒಂದೇ. ಕ್ಯಾಲೆಂಡರಿನಲ್ಲಿ ಪೆನ್ನಿನಿಂದಲೇ ಗುರುತು ಹಾಕಿದರು. ಸೋಮವಾರ ಸಂಜೆ ಪಾತ್ರೆ ತೊಳೆದಿಟ್ಟು, ಮನೆ ಗುಡಿಸಿದರಾಯಿತೆಂದು ನಿಶ್ಚಿಂತರಾದರು.

ದೊಡ್ಡಮ್ಮ ಎರಡು ದಿನ ಮೊದಲೇ ಆಟೋದಿಂದ ಇಳಿದರು. ಸಿಂಕಿನಲ್ಲಿ ಪಾತ್ರೆಯ ಗೋಪುರ, ಜಗಲಿಯಲ್ಲಿ ಐದು ದಿನದ ಪತ್ರಿಕೆಗಳು, ಒಂದೊಂದರಲ್ಲೂ ಅಡುಗೆಮನೆಯ ಸುಳಿವುಗಳ ಮನೆಗಳೆಲ್ಲ ಖಾಲಿ. ಲುಂಗಿ ಸರಿಮಾಡಿಕೊಳ್ಳುತ್ತಾ ದೊಡ್ಡಪ್ಪ, "ಐದು ಮನೆ ಅಂದಿದ್ದೆಯಲ್ಲೇ?" ಎಂದರು.

"ಆದಿತ್ಯವಾರ. ನಮ್ಮೂರಲ್ಲಿ ಹಾಗೇ ಅನ್ನೋದು. ಮಂಗಳವಾರ ನಾನು ಯಾವತ್ತಾದ್ರೂ ಪ್ರಯಾಣ ಹೊರಟಿದ್ದೀನಾ? ನಲವತ್ತು ವರ್ಷದ ಸುಳಿವು ಸಾಲದೇನು ರೀ?"

ದೊಡ್ಡಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮೊದಲ ದಿನದ ಪತ್ರಿಕೆ ಹುಡುಕಿ ಮುಂದೆ ಹಿಡಿದರು. "ಬಂದೆಯಲ್ಲ, ಸದ್ಯ. ಇಡ್ಲಿಹಿಟ್ಟು ರುಬ್ಬೋ ಕಲ್ಲು, ಮೂರು ಮನೆ..."