ಎಡ ತೋರುಬೆರಳಿನ ಹೇಳಿಕೆ

ಚಿತ್ತಾಕುಲದ ಮತದಾರರೊಬ್ಬರು ಸದಾಶಿವಗಡದಲ್ಲಿ ಬಂಗಡೆ ಆರಿಸುತ್ತಿದ್ದರು. ಅವರ ಎಡಗೈ ತೋರುಬೆರಳು ಮೀನಿನ ಕಿವಿರು ಎತ್ತಿ ನೋಡುತ್ತಲೇ ಸಂದರ್ಶನಕ್ಕೆ ಒಪ್ಪಿತು.

ಫಲಿತಾಂಶ ಅಂದರೆ ಜನರ ಇಚ್ಛೆಯೇ ತಾನೆ?

ನನ್ನನ್ನು ಕೇಳ್ತೀರಲ್ಲ ಮಾರಾಯ್ರೆ! ಗುಂಡಿ ಒತ್ತಿದ್ದು ಬಲಗೈಲಿರುವ ನಮ್ಮಣ್ಣ. ಮೈಸೂರಿನ ಮಸಿ ಬಳಿಸಿಕೊಂಡದ್ದು ಮಾತ್ರ ನಾನು.

ಬಹುಮತ ಬಂದವರೇ ಅಲ್ಲವೇ ಗೆಲ್ಲುವುದು?

ಬಹುಮತ ಯಾಕೆ? ಎರಡನೆಯವರಿಗಿಂತ ಒಂದು ಮತ ಹೆಚ್ಚಾದರೆ ಸಾಕು. 2018ರಲ್ಲಿ ನಮ್ಮ ಕಾರವಾರ ಕ್ಷೇತ್ರದಲ್ಲಿ ಬಿಜೆಪಿಯ ರೂಪಾಲಿ ನಾಯ್ಕ 60 ಸಾವಿರ ಚಿಲ್ಲರೆ ಮತ ಪಡೆದು ಗೆದ್ದರು. ಜೆಡಿಎಸ್‌ನ ಆನಂದ ಅಸ್ನೋಟಿಕರ್‌ಗೆ 46 ಸಾವಿರ, ಕಾಂಗ್ರೆಸ್ಸಿನ ಸತೀಶ ಸೈಲ್‌ಗೆ 45 ಸಾವಿರ. ಕೂಡಿಸಿ ನೋಡಿ. 2023ರಲ್ಲಿ ಸೈಲ್ ಗೆದ್ದದ್ದು 2,138 ಮತಗಳಿಂದ. ಪೇಪರಿನವರು ಎರಡಕ್ಕೂ ‘ಜನಾದೇಶ’ ಅಂತಲೇ ಬರೆದರು.

ರಾಜ್ಯದ ಲೆಕ್ಕ?

ಇನ್ನೂ ಚೆಂದ. ಬಿಜೆಪಿಗೆ 2018ರಲ್ಲಿ ಶೇ 36ರಷ್ಟು ಮತ, 104 ಸೀಟು. 2023ರಲ್ಲೂ ಶೇ 36ರಷ್ಟೇ, ಸೀಟು 66.

ಗೆದ್ದವರಾದರೂ ನೀವು ಒತ್ತಿದ ಚಿಹ್ನೆಯಲ್ಲೇ ಇರುತ್ತಾರಲ್ಲ?

(ಬೆರಳು ನಕ್ಕಿತು.) 2008ರ ಮೇಯಲ್ಲಿ ಅಸ್ನೋಟಿಕರ್ ಕೈ ಚಿಹ್ನೆಯಿಂದ ಗೆದ್ದರು. ರಾಜೀನಾಮೆ ಕೊಟ್ಟು ಡಿಸೆಂಬರಿನಲ್ಲಿ ಕಮಲದಿಂದ ಗೆದ್ದರು. ನನಗೆ ಒಂದೇ ವರ್ಷದಲ್ಲಿ ಎರಡು ಸಲ ಮಸಿ.

ನಿಮ್ಮ ಯಜಮಾನರಿಗೆ ನಿಜಕ್ಕೂ ಬೇಕಾದ್ದೇನು?

ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. ಈಗ ಎದೆ ಹಿಡಿದುಕೊಂಡರೆ ಗೋವಾಕ್ಕೋ ಮಣಿಪಾಲಕ್ಕೋ ಓಡಬೇಕು. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದು ಬಿತ್ತು, ಅದರದ್ದೂ ಚಿಂತೆ. ಯಂತ್ರದಲ್ಲಿ ಆಸ್ಪತ್ರೆಗೆ ಗುಂಡಿ ಇಲ್ಲ, ಸೇತುವೆಗೂ ಇಲ್ಲ. ಎಲ್ಲದಕ್ಕೂ ಸೇರಿ ಒಂದೇ ‘ಬೀಪ್’. ಒತ್ತಿದ್ದು ಆಸ್ಪತ್ರೆಗೋ, ಜಾತಿಗೋ, ಎದುರಿನವರ ಮೇಲಿನ ಸಿಟ್ಟಿಗೋ? ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ಕಾಣಿಸ್ತದೆ, ಅದರಲ್ಲಿ ಕಾರಣ ಬರೆದಿರುವುದಿಲ್ಲ.

ನೋಟಾ ಇದೆಯಲ್ಲ, 2013ರಿಂದ?

ಇದೆ. ಅದಕ್ಕೇ ಹೆಚ್ಚು ಮತ ಬಿದ್ದರೂ ನಂತರದ ಅಭ್ಯರ್ಥಿಯೇ ಶಾಸಕ. ಸಿಟ್ಟು ತೀರಿಸಿಕೊಳ್ಳಲಿಕ್ಕೆ ಅಡ್ಡಿಯಿಲ್ಲ.

ಹಾಗಾದರೆ ಮತ ಹಾಕುವುದು ದಂಡ?

ಹಾಗಂದೆನಾ? ಏನು ಬೇಕು ಅಂತ ಹೇಳಲು ಆ ಯಂತ್ರಕ್ಕೆ ಬರುವುದಿಲ್ಲ. ಯಾರು ಬೇಡ ಅನ್ನುವುದನ್ನು ಸ್ಪಷ್ಟವಾಗಿ ಹೇಳ್ತದೆ. ನಮ್ಮ ಕ್ಷೇತ್ರದಲ್ಲಿ 2013, 2018, 2023, ಮೂರೂ ಸಲ ಹಾಲಿ ಶಾಸಕರೇ ಸೋತಿದ್ದಾರೆ.