ಕರಿಬೇವಿನ ಕಡತ

ಮೊಬೈಲ್ ಆ್ಯಪ್ ಮಾಡಬೇಕೆಂದು ಹೊರಟವರು ಮಾಡುವ ಮೊದಲ ತಪ್ಪೆಂದರೆ, ಆ್ಯಪ್ ಮಾಡಲು ಕೂರುವುದು. ದೆಹಲಿಯ ಕೇಂದ್ರ ಸಚಿವಾಲಯದಲ್ಲಿ ಮೂವತ್ತೊಂದು ವರ್ಷ ಸವೆಸಿ, ಅಂಡರ್ ಸೆಕ್ರೆಟರಿಯಾಗಿ ನಿವೃತ್ತನಾಗಿ, ಈಗ ನೊಯ್ಡಾದ ಮೂರನೆಯ ಮಹಡಿಯಲ್ಲಿರುವ ನಾನು ಅಧಿಕಾರವಾಣಿಯಿಂದಲೇ ಹೇಳಬಲ್ಲೆ: ಸಿದ್ಧತೆ ಸರಿಯಾಗಿದ್ದರೆ ಕೆಲಸದ ಅಗತ್ಯವೇ ಬೀಳುವುದಿಲ್ಲ. ಕಳೆದ ಐದು ತಿಂಗಳಲ್ಲಿ ನನ್ನ ಕಂಪ್ಯೂಟರನ್ನು ಆ್ಯಪ್ ತಯಾರಿಕೆಗೆಂದು ನಾಲ್ಕು ಬಾರಿ ಪೂರ್ತಿಯಾಗಿ ಸಜ್ಜುಗೊಳಿಸಿದ್ದೇನೆ. ಒಂದೇ ಸಲ ಸಜ್ಜುಗೊಳಿಸಿದವರ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಅವರಿಗೆ ಅನುಭವ ಸಾಲದು.

ಮೊದಲು ಕಡತ ತೆರೆಯಬೇಕು. ನಾನು ತೆರೆದದ್ದು ಕರಿಬೇವಿನ ವಿಷಯವಾಗಿ. ಈ ಕಡೆಯ ತರಕಾರಿಯವನು ಎರಡು ಕಿಲೊ ಆಲೂಗಡ್ಡೆಗೆ ಹಿಡಿ ಕೊತ್ತಂಬರಿಯನ್ನೂ ನಾಲ್ಕು ಹಸಿಮೆಣಸಿನಕಾಯಿಯನ್ನೂ ಪುಕ್ಕಟೆ ಹಾಕುವಷ್ಟು ಉದಾರಿ. ಕಡಿಪತ್ತಾ ಎಂದೊಡನೆ ಮಾತ್ರ ಆಯುರ್ವೇದದ ಅಂಗಡಿಗೆ ದಾರಿ ತೋರಿಸುತ್ತಾನೆ. ದಕ್ಷಿಣದ ತರಕಾರಿ ಬೇಕೆಂದರೆ ಐಎನ್‌ಎ ಮಾರ್ಕೆಟ್‌ಗೇ ಹೋಗಬೇಕು. ಅಲ್ಲಿಗೆ ಕರಿಬೇವು ಎಂದು ಬಂತು, ಎಷ್ಟು ಬಂತು, ನಾನಿರುವ ಜಾಗದಿಂದ ಎಷ್ಟು ದೂರ ಎಂದು ತಿಳಿಸುವ ಆ್ಯಪ್ ರಾಜಧಾನಿಯ ಕನ್ನಡಿಗರಿಗೆ ಬೇಕೇಬೇಕೆಂದು ಟಿಪ್ಪಣಿ ಬರೆದೆ. ಕಡತ ಅಭಿಪ್ರಾಯಕ್ಕಾಗಿ ಅಡುಗೆಮನೆಗೆ ಹೋಯಿತು. ‘ಏನ್ರೀ, ಸಿ ಬ್ಲಾಕ್ ಪಾರ್ಕಲ್ಲೇ ಗಿಡ ಇದ್ಯಲ್ಲ?’ ಎಂದು ಮರಳಿತು. ಇದು ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ದಾಖಲಿಸಿ ಪಕ್ಕಕ್ಕಿಟ್ಟೆ.

ಎರಡನೆಯದು ಖರೀದಿ. ಆಂಡ್ರಾಯ್ಡ್ ಸ್ಟುಡಿಯೊ ಎಂಬ ತಂತ್ರಾಂಶವನ್ನೂ ಅದರೊಳಗಿನ ಎಮ್ಯುಲೇಟರನ್ನೂ ಒಟ್ಟಿಗೆ ಓಡಿಸಲು 16 ಜಿಬಿ ರ‍್ಯಾಮ್ ಬೇಕು. ನನ್ನ ಹಳೆಯ ಯಂತ್ರದಲ್ಲಿದ್ದದ್ದು ನಾಲ್ಕು. 2017ರ ಸಾಮಾನ್ಯ ಹಣಕಾಸು ನಿಯಮಗಳು ಹೊರಟಾಗ ಅವುಗಳ 155ನೆಯ ನಿಯಮ ಹೇಳಿದ್ದು ಸ್ಪಷ್ಟ: 25 ಸಾವಿರದಿಂದ ಎರಡೂವರೆ ಲಕ್ಷದವರೆಗಿನ ಸಾಮಾನಿಗೆ ಮೂವರು ಸದಸ್ಯರ ಸ್ಥಳೀಯ ಖರೀದಿ ಸಮಿತಿ. ನಿಯಮ ಸರ್ಕಾರಿ ಇಲಾಖೆಗಳಿಗೆ ಎನ್ನುವುದು ನಿಜ, ಆದರೆ ಒಳ್ಳೆಯ ನಿಯಮ ಮನೆಗೆ ಬಂದರೆ ಬಾಗಿಲು ಹಾಕಲಾಗದು. ನಾನು, ನನ್ನ ಹೆಂಡತಿ, ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗ, ಇಷ್ಟು ಜನರ ಸಮಿತಿ ಬೊಟಾನಿಕಲ್ ಗಾರ್ಡನ್‌ನಲ್ಲಿ ಮೆಜೆಂಟಾ ಮೆಟ್ರೊ ಹಿಡಿದು, ಕಾಲ್ಕಾಜಿ ಮಂದಿರದಲ್ಲಿ ಬದಲಿಸಿ, ಮುಂದಿನ ನಿಲ್ದಾಣವಾದ ನೆಹರೂ ಪ್ಲೇಸ್‌ನಲ್ಲಿ ಇಳಿಯಿತು.

ನೆಹರೂ ಪ್ಲೇಸ್‌ನ ಬಗ್ಗೆ ತಜ್ಞನಾಗಿ ಒಂದು ಮಾತು. ಅಲ್ಲಿ ಕಂಪ್ಯೂಟರ್ ಕೊಳ್ಳುವವರು ಕಂಪ್ಯೂಟರ್ ಕೊಳ್ಳಲು ಬಂದವರಂತೆ ಕಾಣಬಾರದು. ಕಂಡರೆ, ‘ಲ್ಯಾಪ್‌ಟಾಪ್ ರಿಪೇರ್, ಲ್ಯಾಪ್‌ಟಾಪ್ ರಿಪೇರ್’ ಎನ್ನುತ್ತ ಹುಡುಗರು ಮೆಟ್ಟಿಲಿಂದಲೇ ಜತೆಯಾಗುತ್ತಾರೆ, ಇನ್ನೂ ಕೊಳ್ಳದ ಲ್ಯಾಪ್‌ಟಾಪಿಗೂ ರಿಪೇರಿ ಹೇಳುತ್ತಾರೆ. ಮೂರು ಕೊಟೇಶನ್ ಬರಹದಲ್ಲಿ ಕೊಡಿ ಎಂದು ನಾನು ಕೇಳಿದಾಗ ಅಂಗಡಿಯವನು ಚಹಾ ತರಿಸಿದ. ಎರಡನೆಯ ಸದಸ್ಯೆ ಅಷ್ಟರಲ್ಲಿ ಎದುರಿನ ಬಟ್ಟೆ ಅಂಗಡಿಗಳ ಕಡೆ ಹೋಗಿದ್ದರು. ಕಂಪ್ಯೂಟರ್ ಪೇಟೆಯ ನಡುವೆ ಇಷ್ಟೊಂದು ಬಟ್ಟೆ ಅಂಗಡಿಗಳಿರುವುದು ಇಂಥ ಸಮಿತಿಗಳ ಸುಖಕ್ಕೇ ಇರಬೇಕು. ಯಂತ್ರದ ಬೆಲೆ 62 ಸಾವಿರಕ್ಕೆ ನಿಂತಿತು, ಪರದೆ ಬಟ್ಟೆಯದು ಮೀಟರಿಗೆ 180ರಿಂದ 110ಕ್ಕೆ ಇಳಿಯಿತು. ಸಾಮಾನು ತಕ್ಕುದಾಗಿದೆ, ದರ ಪೇಟೆಗೆ ಸರಿಯಾಗಿದೆ ಎಂದು ಸದಸ್ಯರು ಜಂಟಿಯಾಗಿಯೂ ವೈಯಕ್ತಿಕವಾಗಿಯೂ ತೃಪ್ತರಾಗಿರುವುದಾಗಿ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕೆಂದು ಅದೇ ನಿಯಮದಲ್ಲಿದೆ. ‘ಜಂಟಿಯಾಗಿ ಬೇಕಾದ್ರೆ ಹಾಕ್ತೀನಿ’ ಎಂದರು ಎರಡನೆಯ ಸದಸ್ಯೆ.

ಇನ್ನು ಕಾಲ. ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಗ್ರೇಡಲ್ ಎಂಬ ಮೇಸ್ತ್ರಿಯಿದ್ದಾನೆ. ಹೊಸ ಪ್ರಾಜೆಕ್ಟ್ ತೆರೆದೊಡನೆ ಅವನು ಇಟ್ಟಿಗೆ, ಮರಳು, ಗಾರೆಯನ್ನೆಲ್ಲ ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಕಟ್ಟಲು ತೊಡಗುತ್ತಾನೆ, ಕಟ್ಟುವಾಗ ಯಂತ್ರ ಬಿಸಿಯಾಗುತ್ತದೆ. ಜೂನ್‌ನಲ್ಲಿ ಹೊರಗೆ 45 ಡಿಗ್ರಿ ಇರುವಾಗ ಬಿಲ್ಡ್ ಒತ್ತುವುದು ಅವಿವೇಕ. ಜನವರಿಯ ಮಂಜಿನಲ್ಲಿ ಒತ್ತಿದರೆ ರೂಮ್ ಹೀಟರಿನ ಖರ್ಚು ಉಳಿಯುತ್ತದೆ. ಲ್ಯಾಪ್‌ಟಾಪನ್ನು ರಜಾಯಿಯ ಮೇಲಿಡಬೇಡಿ ಎಂದು ಬಲ್ಲವರು ಹೇಳುವುದುಂಟು. ನಾನು ಕಾಲಡಿ ಇಡುತ್ತೇನೆ.

ಭಾಷೆಯ ಆಯ್ಕೆಯಲ್ಲಿ ಬಹಳ ಚರ್ಚೆ ಬೇಡ. 1995ರಲ್ಲಿ ಬಂದ ಜಾವಾ ಇದೆ, ಲಾಂಛನವೇ ಹಬೆಯಾಡುವ ಕಾಫಿ ಲೋಟ. ಬಾಬಾಬುಡನ್‌ಗಿರಿ ಕಂಡವರಿಗೆ ಅದರಲ್ಲಿ ತರಬೇತಿ ಏಕೆ? 2019ರಿಂದ ಗೂಗಲ್ ಕೋಟ್ಲಿನ್‌ಗೆ ಮೊದಲ ಮಣೆ ಹಾಕಿದೆ. ಅದು ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ದ್ವೀಪವೊಂದರ ಹೆಸರು, ಅಲ್ಲಿ ಕಾಫಿ ಬೆಳೆಯುವಂತಿಲ್ಲ. ಆಂಡ್ರಾಯ್ಡ್ ಆವೃತ್ತಿಗಳಿಗೆ ಮೊದಲು ಸಿಹಿತಿಂಡಿಯ ಹೆಸರುಗಳಿದ್ದವು. 2015ರಲ್ಲಿ ‘ಎಂ’ ಅಕ್ಷರದ ಸರದಿ ಬಂದಾಗ, ಮೈಸೂರು ಪಾಕ್ ಇರುವಾಗಲೂ ಮಾರ್ಷ್‌ಮೆಲೊ ಎಂದು ಆದೇಶವಾಯಿತು. 2019ರಲ್ಲಿ ತಿಂಡಿ ನಿಲ್ಲಿಸಿ ಬರೀ ಅಂಕಿ ಎಂದು ತೀರ್ಮಾನಿಸಿದ್ದು ನಿವೃತ್ತರ ಸಕ್ಕರೆ ಪ್ರಮಾಣದ ದೃಷ್ಟಿಯಿಂದ ಸ್ವಾಗತಾರ್ಹ.

ಫೋಲ್ಡರಿಗೆ ‘ಕರಿಬೇವು’ ಎಂದು ಕನ್ನಡದಲ್ಲಿ ಹೆಸರಿಟ್ಟೆ. ದಾರಿಯಲ್ಲಿ ಆಸ್ಕಿಗೆ ಸೇರದ ಅಕ್ಷರಗಳಿವೆ, ವಿಂಡೋಸ್‌ನಲ್ಲಿ ಬಿಲ್ಡ್ ಬಹುತೇಕ ಕೆಡುತ್ತದೆ ಎಂಬ ಎಚ್ಚರಿಕೆ ಬಂತು. ಆಸ್ಕಿ ಎನ್ನುವುದು 1963ರಲ್ಲಿ ಪ್ರಕಟವಾದ ಅಕ್ಷರಪಟ್ಟಿ. ಒಟ್ಟು 128 ಸೀಟು, ಕನ್ನಡಕ್ಕೆ ಒಂದೂ ಇಲ್ಲ. ರೋಮನ್ ಅಕ್ಷರದಲ್ಲಿ ಕಡಿಪತ್ತಾ ಎಂದು ಬರೆದೊಡನೆ ಎಚ್ಚರಿಕೆ ಮಾಯವಾಯಿತು. ಕನ್ನಡ ಪದಗಳನ್ನು ಒಳಗೆ ಬೇರೆಯದೇ ಫೋಲ್ಡರಿನಲ್ಲಿ ಕೂರಿಸಬಹುದು. ದೆಹಲಿಯಲ್ಲಿ ನಾವೂ ಮನೆಯೊಳಗೆ ಹಾಗೆಯೇ ಇರುವುದು.

ಪ್ಯಾಕೇಜ್ ಹೆಸರಿನ ವಿಚಾರದಲ್ಲಿ ಉತ್ತರದವರು ತಡವರಿಸುವುದನ್ನು ನೋಡಿದ್ದೇನೆ. ವೆಬ್ ವಿಳಾಸವನ್ನು ತಿರುಗಿಸಿ ಬರೆಯಬೇಕು: ಮೊದಲು ಕಾಮ್, ಆಮೇಲೆ ಸಂಸ್ಥೆ, ಕೊನೆಗೆ ಆ್ಯಪಿನ ಹೆಸರು. ನಮಗಿದು ಹುಟ್ಟಿನಿಂದ ಬಂದ ವಿದ್ಯೆ. ಊರು ಮೊದಲು, ಆಮೇಲೆ ಅಪ್ಪ, ಕೊನೆಗೆ ಜಾಗ ಉಳಿದರೆ ನಾವು. ದೆಹಲಿಗೆ ಬಂದ ವರ್ಷ ಗುಮಾಸ್ತನೊಬ್ಬ ನನ್ನ ಅರ್ಜಿ ನೋಡಿ, ಮೊದಲಿದ್ದ ಹೊಳಲ್ಕೆರೆಯೇ ನನ್ನ ಹೆಸರೆಂದು ನಂಬಿದ. ಒಂದು ವರ್ಷದಲ್ಲಿ ಅದು ಸವೆದು ಹೋಳ್ಕರ್ ಆಯಿತು. ಇಂದೂ ಗ್ಯಾಸ್ ತರುವವನಿಗೆ ನಾನು ಹೋಳ್ಕರ್ ಸಾಹೇಬ, ಇಂದೋರಿನ ಅರಮನೆ ಹೇಗಿದೆ ಎಂದು ವಿಚಾರಿಸುತ್ತಾನೆ. ಆದ್ದರಿಂದ ಎಚ್ಚರ: ಒಮ್ಮೆ ಪ್ಲೇ ಸ್ಟೋರಿಗೆ ಹೋದ ಆ್ಯಪಿನ ಈ ಹೆಸರನ್ನು ಮತ್ತೆ ಬದಲಿಸಲಾಗದು.

ಐಫೋನಿನ ಆ್ಯಪ್ ಬೇಕೆನ್ನುವವರಿಗೆ ಮ್ಯಾಕ್ ಕಂಪ್ಯೂಟರ್ ಬೇಕು, ವರ್ಷಕ್ಕೆ 99 ಡಾಲರ್ ಶುಲ್ಕ. 2023ರ ಏಪ್ರಿಲ್‌ನಲ್ಲಿ ಸಾಕೇತ್‌ನಲ್ಲಿ ಆಪಲ್ ಅಂಗಡಿ ತೆರೆದಿದೆ. ಸಮಿತಿ ಗಾಜಿನ ಹೊರಗಿನಿಂದ ಪರಿಶೀಲಿಸಿತು. ಪ್ಲೇ ಸ್ಟೋರ್‌ನದು 25 ಡಾಲರ್, ಜೀವಮಾನಕ್ಕೊಮ್ಮೆ. ಆದರೆ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರ ಆ್ಯಪನ್ನು ಮೊದಲು 12 ಮಂದಿ 14 ದಿನ ಎಡೆಬಿಡದೆ ಪರೀಕ್ಷಿಸಬೇಕು. ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಯಕ್ಷಗಾನವಿದ್ದ ಸಂಜೆ ಹನ್ನೆರಡು ಕನ್ನಡಿಗರನ್ನು ಹುಡುಕುವುದು ಕಷ್ಟವಲ್ಲ. ಆ ಹನ್ನೆರಡೂ ಜನ ಹದಿನಾಲ್ಕು ದಿನ ಒಂದೇ ಗುಂಪಿನಲ್ಲಿ ಉಳಿದ ಉದಾಹರಣೆ ನನ್ನ ಸೇವಾವಧಿಯಲ್ಲಿಲ್ಲ.

ಅತಿ ಮುಖ್ಯವಾದ ವಿಧಿ ಫೋನಿನದು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬ ಸಾಲನ್ನು ಹುಡುಕಿ ಏಳು ಬಾರಿ ತಟ್ಟಬೇಕು. ನಡುವೆ ಫೋನೇ ‘ಡೆವಲಪರ್ ಆಗಲು ಇನ್ನು ಮೂರು ಹೆಜ್ಜೆ’ ಎಂದು ಹೇಳುತ್ತದೆ. ಏಳು ಹೆಜ್ಜೆ ಎಂದ ಮೇಲೆ ಇದು ಸಪ್ತಪದಿಯೇ ಎಂದು ಗ್ರಹಿಸಿ, ಒಳ್ಳೆಯ ಗುರುವಾರ ನೋಡಿ, ಸ್ನಾನ ಮಾಡಿ, ಪೂರ್ವಕ್ಕೆ ಮುಖ ಮಾಡಿ ತಟ್ಟಿದೆ. ಏಳನೆಯದಕ್ಕೆ ‘ಈಗ ನೀವು ಡೆವಲಪರ್’ ಎಂದು ಬಂತು. ಸೆಕ್ಷನ್ ಆಫೀಸರಿನಿಂದ ಅಂಡರ್ ಸೆಕ್ರೆಟರಿಯಾಗಲು ನನಗೆ ಹದಿನಾಲ್ಕು ವರ್ಷ ಹಿಡಿದಿತ್ತು.

ಕೋಡ್ ಬರೆಯುವುದು ಕಿರಿಯರ ಕೆಲಸ. ಭಾನುವಾರ ತಂಗಿಯ ಮಗ ಬಂದು, ಉಪ್ಪಿಟ್ಟು ಆರುವಷ್ಟರಲ್ಲಿ ಬರೆದು ಮುಗಿಸಿದ. ‘ಮಾವ, ಇದಕ್ಕೆ ಐದು ತಿಂಗಳು ಬೇಕಿತ್ತಾ?’ ಎಂದ. ಅಡಿಪಾಯ ಕಾಣದ ತಲೆಮಾರು ಇದು.

ಎಮ್ಯುಲೇಟರ್ ಎಂದರೆ ಕಂಪ್ಯೂಟರಿನೊಳಗೆ ಹುಟ್ಟುವ ಮಾಯಾ ಫೋನ್. ಅದನ್ನು ಎಬ್ಬಿಸಿ ಆ್ಯಪ್ ತೆರೆದೆವು. ಮನೆ ಮಂದಿಯೆಲ್ಲ ಸುತ್ತ ನಿಂತಿದ್ದರು. ಪರದೆಯ ಮೇಲೆ ಮೂಡಿತು: ‘ಹತ್ತಿರದ ಕರಿಬೇವು: ಐಎನ್‌ಎ ಮಾರ್ಕೆಟ್. ದೂರ: ಸುಮಾರು 12,000 ಕಿ.ಮೀ.’

ಬೇರೆ ಊರು ಹೇಳುವವರೆಗೂ ಎಮ್ಯುಲೇಟರ್ ತಾನು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ, ಗೂಗಲ್ ಕಚೇರಿಯ ಅಂಗಳದಲ್ಲಿ ಇದ್ದೇನೆಂದೇ ತಿಳಿದಿರುತ್ತದೆ ಎಂದು ತಂಗಿಯ ಮಗ ವಿವರಿಸಿದ. ಅದನ್ನು ನೊಯ್ಡಾಕ್ಕೆ ವರ್ಗಾಯಿಸುವುದು ಎರಡು ಕ್ಲಿಕ್ಕಿನ ಕೆಲಸವಂತೆ. ಕೈ ಹಿಡಿದು ತಡೆದೆ. ವರ್ಗಾವಣೆ ಎಂದ ಮೇಲೆ ಆದೇಶ ಬೇಕು, ಆದೇಶಕ್ಕೆ ಪ್ರಯಾಣ ಭತ್ಯೆಯ ಪ್ರಶ್ನೆ ಬರುತ್ತದೆ, 12,000 ಕಿ.ಮೀ. ಎಂದರೆ ಸಣ್ಣ ಮೊತ್ತವಲ್ಲ. ವಿಷಯವನ್ನು ಕೂಲಂಕಷವಾಗಿ ಬರೆದು ಎರಡನೆಯ ಸದಸ್ಯೆಯ ಒಪ್ಪಿಗೆಗಾಗಿ ಅಡುಗೆಮನೆಗೆ ಕಳಿಸಿದ್ದೇನೆ. ಕಡತ ಒಲೆಯ ಪಕ್ಕದಲ್ಲಿದೆ, ಒಲೆಯ ಮೇಲೆ ಸಾರು ಕುದಿಯುತ್ತಿದೆ, ಸದಸ್ಯೆ ಸಿ ಬ್ಲಾಕ್ ಪಾರ್ಕಿಗೆ ಹೋಗಿದ್ದಾರೆ.