ಪಟ್ಟಿಯಲ್ಲಿ ನಿಮ್ಮ ವಯಸ್ಸೆಷ್ಟು?

ವಯಸ್ಸು ಮುಚ್ಚಿಡುವವರಿಗೆ ಮತದಾರರ ಪಟ್ಟಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ತಲೆಗೆ ಬಣ್ಣ ಹಚ್ಚಿ ಐವತ್ತೆಂಟರಲ್ಲೇ ಬೀಡುಬಿಟ್ಟ ಮಹನೀಯರನ್ನೂ ಅದು ದಾಕ್ಷಿಣ್ಯವಿಲ್ಲದೆ ಮುಂದಕ್ಕೆ ತಳ್ಳುತ್ತದೆ. ಹೆಸರು, ತಂದೆಯದೋ ಗಂಡನದೋ ಹೆಸರು, ಮನೆ ನಂಬರು, ವಯಸ್ಸು ಎಲ್ಲವನ್ನೂ ಅಚ್ಚು ಹಾಕಿಸಿ, ಯಾರು ಬೇಕಾದರೂ ನೋಡಿ ಎಂದು ಇಡುತ್ತಾರೆ. ಮಾನ್ಯತೆ ಪಡೆದ ಪಕ್ಷಗಳಿಗಂತೂ ಪುಕ್ಕಟೆ ಪ್ರತಿ.

ಇದರ ಹಿಂದೆ ಒಂದು ಜಾಣತನವಿದೆ. ಯಾರು ಮನೆ ಖಾಲಿ ಮಾಡಿದರು, ಯಾರ ಮಗಳು ಮದುವೆಯಾಗಿ ಹಾಸನಕ್ಕೆ ಹೋದಳು ಎಂಬುದು ಸರ್ಕಾರಕ್ಕಿಂತ ಮೊದಲು ಪಕ್ಕದ ಮನೆಯವರಿಗೆ ಗೊತ್ತಾಗುತ್ತದೆ. ಕರಡು ಪಟ್ಟಿ ನೋಡಿ ಅದೇ ಕ್ಷೇತ್ರದ ಮತದಾರರು ನಮೂನೆ 7ರಲ್ಲಿ ಆಕ್ಷೇಪಣೆ ಹಾಕಬಹುದು. ನಮ್ಮ ಇಣುಕುವ ಚಟಕ್ಕೆ ಕಾನೂನೇ ಕೊಟ್ಟ ಗೌರವ ಇದು! ಆದರೆ ಆಕ್ಷೇಪಿಸಿದವರ ಹೆಸರೂ ನೋಟಿಸ್ ಬೋರ್ಡಿಗೆ ಬರುತ್ತದೆ. ಚಾಡಿ ಹೇಳಿ ಜಾರಿಕೊಳ್ಳುವಂತಿಲ್ಲ.

ಮನೆಮನೆ ಸುತ್ತಿ ಪಟ್ಟಿ ಸರಿಪಡಿಸುವ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಹೆಚ್ಚಾಗಿ ಶಾಲೆಯ ಮೇಷ್ಟರು ಇಲ್ಲವೇ ಅಂಗನವಾಡಿ ಟೀಚರು.

"ಈ ಪುಟ್ಟಸ್ವಾಮಿ ಯಾರಮ್ಮಾ?"

"ನಮ್ಮ ಮಾವನೋರು. ಹೋಗಿ ಮೂರು ವರ್ಷ ಆಯ್ತು."

"ಡೆತ್ ಸರ್ಟಿಫಿಕೇಟು ಜೆರಾಕ್ಸ್ ಕೊಡಿ, ತೆಗೆಸ್ತೀನಿ."

"ಇರ್ಲಿ ಬಿಡಿ ಟೀಚರೇ, ಅದೊಂದು ಕಡೆಯಾದ್ರೂ ಇರ್ಲಿ."

ಕಾನೂನಿಗೆ ಇಂಥ ಮಮತೆ ಅರ್ಥವಾಗದು, ಸಂಕೋಚವೂ ಅಷ್ಟೇ. ಮೊದಲ ಮಹಾಚುನಾವಣೆಯ ಪಟ್ಟಿ ಬರೆಯುವಾಗ ಉತ್ತರ ಭಾರತದ ಎಷ್ಟೋ ಹೆಂಗಸರು ಪರಪುರುಷರ ಮುಂದೆ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಟ ಹಿಡಿದರು: ಹೆಸರಿಲ್ಲದೆ ಮತವಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಕಠೋರ ಅನ್ನಿಸುತ್ತದೆ, ಆದರೆ ನನಗೇನೋ ಸೇನ್ ಮಾಡಿದ್ದೇ ಸರಿ.

ನೆರೆಯವರು ಇಣುಕಿದರೆ ಒಂದು ಬೀದಿ. ಕಂಪ್ಯೂಟರ್ ಇಣುಕಿದರೆ ಇಡೀ ಕ್ಷೇತ್ರ. ಚುನಾವಣಾ ಆಯೋಗ ಅಂತರ್ಜಾಲದಲ್ಲಿ ಭಾವಚಿತ್ರವಿಲ್ಲದ ಪಟ್ಟಿಯನ್ನು, ಅದೂ ಪದ ಹುಡುಕಲು ಬಾರದ ಚಿತ್ರರೂಪದಲ್ಲಿ ಕೊಡುವುದು ಈ ಭಯದಿಂದಲೇ. ಹುಡುಕಲು ಬರುವಂಥ ಪ್ರತಿ ಬೇಕೆಂದು ಕಾಂಗ್ರೆಸ್ ನಾಯಕ ಕಮಲನಾಥ್ 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಬೇಕಿದ್ದರೆ ನೀವೇ ಕಷ್ಟಪಟ್ಟು ಬದಲಾಯಿಸಿಕೊಳ್ಳಿ ಎಂಬರ್ಥದ ಉತ್ತರ ಬಂತು.

ನಮ್ಮ ಬೂತಿನ ಕಾರ್ಯಕರ್ತನಿಗೆ ಕಂಪ್ಯೂಟರಿನ ಹಂಗಿಲ್ಲ. ಕಿವಿಗೆ ಸಿಕ್ಕಿಸಿದ ಪೆನ್ಸಿಲು, ಕೈಯಲ್ಲಿ ಗೀಟು ತುಂಬಿದ ಪಟ್ಟಿ. ಮತದಾನದ ದಿನ ಸಂಜೆ ನಾಲ್ಕಕ್ಕೆ ಗೇಟಿನಾಚೆಯಿಂದಲೇ ಕೂಗು: "ಆಂಟೀ, ನಿಮ್ಮ ಮನೇದು ಇನ್ನೂ ಎರಡು ವೋಟು ಬಾಕಿ! ಅಂಕಲ್ ಎದ್ದಿಲ್ವಾ?"